ಹಿತ್ತಲ ಜಗಲಿಯ ಒಲೆ

ಒಂದು ಹಿಡಿ ರಾಗಿ ಹಿಟ್ಟಿನ ಮುದ್ದೆ ಯಾರ ಒಲೆಯ ಮೇಲೆ ಬೇಯತಕ್ಕದ್ದು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಈ ಪ್ರಶ್ನೆಯ ಇತ್ಯರ್ಥಕ್ಕಾಗಿ ಕಳೆದ ಬೇಸಿಗೆಯಲ್ಲಿ ಮಾಲೂರಿನಿಂದ ಒಬ್ಬ ಹೆಂಗಸು ಬಸ್ಸು ಬದಲಾಯಿಸಿಕೊಂಡು ನಂಗಲಿ ಪಕ್ಕದ ಈ ಊರಿನವರೆಗೆ ಬಂದಳು, ಮುಳಬಾಗಿಲಿನ ಒಬ್ಬ ಡಾಕ್ಟರು ಕಾಫಿ ಆರಲು ಬಿಟ್ಟು ಯೋಚನೆಗೆ ಬಿದ್ದರು, ಮತ್ತು ರಾಮಚಂದ್ರಪ್ಪ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಹುಳುಮನೆ ಬಿಟ್ಟು ಅಡುಗೆಮನೆಯ ಬಾಗಿಲು ಕಾದ. ಹುಳುಮನೆ ಬಿಟ್ಟ ಎಂದರೆ ವಿಷಯದ ತೂಕ ತಿಳಿದವರಿಗೆ ತಿಳಿಯುತ್ತದೆ.

ಮುದ್ದೆ ರಾಮಚಂದ್ರಪ್ಪನ ತಾಯಿ ಅಶ್ವತ್ಥಮ್ಮನದು. ಆಧಾರ್ ಕಾರ್ಡಿನ ಪ್ರಕಾರ ಆಕೆಗೆ ಎಂಬತ್ತಾರು. ಕಾರ್ಡು ಕಡಿಮೆ ಹೇಳುತ್ತಿದೆ ಎಂಬುದು ಆಕೆಯ ಅನುಮಾನ, ಆದರೆ ಆ ತಪ್ಪನ್ನು ತಿದ್ದಿಸುವ ಆತುರವೇನೂ ಆಕೆಗಿರಲಿಲ್ಲ.

ಮನೆಯಲ್ಲಿ ಒಲೆ ಎರಡು. ಒಳಗೆ ಸೊಸೆ ಮುನಿಲಕ್ಷ್ಮಿಯ ಗ್ಯಾಸು, ಹಿತ್ತಲ ಜಗಲಿಯ ಮೇಲೆ ಅತ್ತೆಯ ಸೌದೆ ಒಲೆ. ಇಬ್ಬರೂ ಜಗಳವಾಡಿ ಬೇರೆಯಾದರೆಂದು ತಿಳಿಯಬಾರದು. ಜಗಳವಾಗಿದ್ದರೆ ಊರಿನವರು ಎಂದೋ ರಾಜಿ ಮಾಡಿಸುತ್ತಿದ್ದರು. ಇದು ಅದಕ್ಕಿಂತ ಗಟ್ಟಿ ವಿಷಯ: ಕುಕ್ಕರಿನಲ್ಲಿ ಕೂಗಿಸಿದ್ದನ್ನು ಅಶ್ವತ್ಥಮ್ಮ ಅಡುಗೆಯೆಂದು ಒಪ್ಪಿಕೊಂಡಿರಲಿಲ್ಲ.

ಎರಡು ವರ್ಷದ ಹಿಂದೆ ಮೂತ್ರಪಿಂಡಗಳು ಕೈಕೊಟ್ಟ ಮೇಲೂ ಈ ಏರ್ಪಾಡು ಬದಲಾಗಲಿಲ್ಲ. ವಾರಕ್ಕೆರಡು ಸಲ ಆಕೆ ಮುಳಬಾಗಿಲಿನ ಡಯಾಲಿಸಿಸ್ ಕೇಂದ್ರಕ್ಕೆ ಹೋಗಬೇಕು. ಒಬ್ಬಳೇ ಬಸ್ಸು ಹತ್ತಿ ಹೋಗುತ್ತಿದ್ದಳು, ಮಿಷನ್ನಿಗೆ ಕೈ ಕೊಟ್ಟು ಮಲಗಿ, ರಕ್ತ ತೊಳೆಸಿಕೊಂಡು, ಸಂಜೆಯ ಬಸ್ಸಿಗೆ ಒಬ್ಬಳೇ ವಾಪಸು. ಸೂಜಿ ಚುಚ್ಚಲು ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿದ್ದ ಜಾಗವನ್ನು ಡಾಕ್ಟರು ಫಿಸ್ಟುಲಾ ಎನ್ನುತ್ತಿದ್ದರು, ಅಶ್ವತ್ಥಮ್ಮ ಜೇನುಗೂಡು ಎನ್ನುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಕಿವಿಗೆ ಹಿಡಿದು, ಜುಂ ಎನ್ನುತ್ತಿದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ದೇವರಿಗೆ ಕೈಮುಗಿಯುವುದು ಪದ್ಧತಿ. ಇವತ್ತು ದೇವರಲ್ಲಿ ಏನು ಕೇಳಬೇಕೆಂಬುದು ಅದರಿಂದ ಗೊತ್ತಾಗುತ್ತಿತ್ತು.

ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಅದಕ್ಕೂ ಆಕೆ ದಾರಿ ಕಂಡುಕೊಂಡಿದ್ದಳು. ಮುದ್ದೆ ತೊಳಸುವಾಗ ಪಾತ್ರೆ ಅಲ್ಲಾಡದಂತೆ ಅದಕ್ಕೆ ಸಿಕ್ಕಿಸಿದ ಕವೆಗೋಲನ್ನು ಪಾದದಲ್ಲಿ ಒತ್ತಿ ಹಿಡಿದು ಬಲಗೈಯೊಂದರಲ್ಲೇ ಕೋಲು ತಿರುವುತ್ತಿದ್ದಳು. ಸೊಪ್ಪು ಬಸಿಯುವಾಗ ಪಾತ್ರೆಯನ್ನು ಎತ್ತದೆ ಕಲ್ಲಿಗೆ ಒರಗಿಸಿ, ಮುಚ್ಚಳ ಒತ್ತಿ, ಮೆಲ್ಲಗೆ ಬಗ್ಗಿಸುತ್ತಿದ್ದಳು. ಊರಿನಲ್ಲಿ ಸೊಪ್ಪು ಬಸಿಯುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ ಎಂದು ಮುನಿಲಕ್ಷ್ಮಿಯೂ ಒಪ್ಪುತ್ತಿದ್ದಳು.

ಗಂಡಾಂತರ ಶುರುವಾದದ್ದು ಬೇಸಿಗೆಯ ಒಂದು ರಕ್ತಪರೀಕ್ಷೆಯಿಂದ. ಡಾಕ್ಟರ್ ಅಮರನಾಥ್ ಆಕೆಯ ಮಂಚದ ಬಳಿ ಬಂದು ನಿಂತರು. ಹುತ್ತೂರು ಕಡೆಯವರು, ರೋಗಿಗಳ ಮಾತು ಅವರಿಗೆ ಅರ್ಥವಾಗುತ್ತದೆಂದು ಹೆಸರಿತ್ತು.

“ಅಜ್ಜಿ, ಪೊಟ್ಯಾಸಿಯಂ ಜಾಸ್ತಿ ಬಂದಿದೆ.”

“ಎಲ್ಲಿಂದ ಬಂತಪ್ಪ?”

“ಅದನ್ನ ನೀವೇ ಹೇಳ್ಬೇಕು. ಟೊಮೊಟೊ ತಿಂತೀರಾ?”

“ಬಿಟ್ಟು ಕಾಲ ಆಯ್ತು.”

“ಎಳನೀರು?”

“ನಮ್ಮೂರಾಗೆ ಮರ ಹತ್ತೋನೇ ಇಲ್ಲ. ಬಿದ್ದಿದ್ದನ್ನ ಎಳನೀರು ಅಂತಾರಾ?”

“ಮಾವಿನಹಣ್ಣು?”

“ವಾಸನೆ ನೋಡ್ತೀನಿ. ಅದೂ ಬೇಡ್ವಾ?”

“ವಾಸನೆ ನೋಡಿ. ಸೊಪ್ಪು, ತರಕಾರಿ? ಡಯಟ್ ಮೇಡಂ ಹೇಳಿದ್ರಲ್ಲ, ಜಾಸ್ತಿ ನೀರಲ್ಲಿ ಬೇಯಿಸಿ ಬಸೀಬೇಕು ಅಂತ. ಬಸೀತಿದೀರಾ?”

“ಅದನ್ನ ನಂಗೆ ಹೇಳ್ಕೊಡ್ಬೇಕಾ? ನಾನು ಬಸಿಯೋಕೆ ಕಲ್ತಾಗ ಆ ಮೇಡಮ್ಮನ ತಾಯೀನೇ ಹುಟ್ಟಿರ್ಲಿಲ್ಲ.”

ಡಾಕ್ಟರು ನಗಲಿಲ್ಲ. “ಇದು ಹೀಗೇ ಏರಿದ್ರೆ ಮೊದಲು ಕಾಲು ಸೋಲುತ್ತೆ ಅಜ್ಜಿ, ಆಮೇಲೆ ಹೃದಯ ನಿಂತುಹೋಗಬಹುದು. ಮುಂದಿನ ಸಲಾನೂ ಹೀಗೇ ಬಂದ್ರೆ ಅಡುಗೆ ನಿಮ್ಮ ಕೈಯಲ್ಲಿರಬಾರದು. ಬಸ್ಸಲ್ಲಿ ಒಬ್ರೇ ಬರೋದೂ ಬೇಡ. ಮಗನಿಗೆ ಫೋನ್ ಮಾಡ್ತೀನಿ.”

ಹೃದಯ ನಿಲ್ಲುವ ಮಾತನ್ನು ಅಶ್ವತ್ಥಮ್ಮ ನೆಮ್ಮದಿಯಾಗಿಯೇ ಕೇಳಿಸಿಕೊಂಡಿದ್ದಳು. ಮಗನಿಗೆ ಫೋನು ಎಂದಾಗ ಎದ್ದು ಕೂರಲು ಹೋಗಿ ನರ್ಸಿನಿಂದ ಬೈಸಿಕೊಂಡಳು.

ಪಕ್ಕದ ಮಂಚದಿಂದ ಪೆದ್ದಪ್ಪ ಕತ್ತು ಹೊರಳಿಸಿದ. ನಂಗಲಿ ಹೆದ್ದಾರಿಯಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿದೇ ಮುದುಕನಾದವನು, ಅರ್ಧ ತೆಲುಗು ಅರ್ಧ ಕನ್ನಡ. “ಏಮಮ್ಮಾ, ನಂಗೂ ಅದೇ ಜಾಸ್ತಿ ಅಂತಾರೆ. ನಾನೇನು ತಿಂತೀನಿ ಚೆಪ್ಪು, ನೀನೇ ಹೇಳು? ಸೊಪ್ಪು, ಮುದ್ದೆ. ಈ ಮಿಷನ್ನೇ ಎಲ್ಲೋ ತಪ್ಪು ಹೇಳ್ತೈತೆ.”

ಮಿಷನ್ನು ತಪ್ಪು ಹೇಳುವ ಸಾಧ್ಯತೆಯನ್ನು ಅಶ್ವತ್ಥಮ್ಮ ದಾರಿಯುದ್ದಕ್ಕೂ ಪರಿಶೀಲಿಸುತ್ತಾ ಬಂದಳು. ಮನೆ ಸೇರುವಷ್ಟರಲ್ಲಿ ಟೊಮೊಟೊ ಬುಟ್ಟಿ ಅಡುಗೆಮನೆಯಿಂದ ಹುಳುಮನೆಗೆ ವರ್ಗವಾಗಿತ್ತು. ಶ್ರೀನಿವಾಸಪುರದ ಬೀಗರು ಕಳಿಸಿದ್ದ ಮಾವಿನಹಣ್ಣಿನ ಪೆಟ್ಟಿಗೆ ಅಟ್ಟ ಸೇರಿತ್ತು, ಏಣಿ ಪಕ್ಕದ ಮನೆ ಸೇರಿತ್ತು.

“ಏಣಿ ಯಾಕ್ಲಾ ಕೊಟ್ಟೆ?”

“ಅವರು ಕೇಳಿದ್ರು, ಕೊಟ್ಟೆ ಕಣಮ್ಮ.”

“ನಾನು ಏಣಿ ಹತ್ತೋಳಂಗೆ ಕಾಣ್ತೀನಾ?”

ರಾಮಚಂದ್ರಪ್ಪನಿಗೂ ಅರವತ್ತು ದಾಟಿತ್ತು, ತಾಯಿಗೆ ಎದುರು ಮಾತಾಡುವ ವಯಸ್ಸು ಇನ್ನೂ ಬಂದಿರಲಿಲ್ಲ. ಅವನು ಹಿತ್ತಲಿಗೆ ಹೋಗಿ ಕಸದ ಗುಂಡಿಯಲ್ಲಿ ಮಾವಿನ ವಾಟೆ ಏನಾದರೂ ಇದೆಯೇ ಎಂದು ಕಡ್ಡಿಯಲ್ಲಿ ಕೆದಕಿ ನೋಡಿದ. ಸಿಕ್ಕಿತು. ತಾನೇ ಹಿಂದಿನ ದಿನ ತಿಂದು ಎಸೆದದ್ದು ಎಂದು ಆಮೇಲೆ ನೆನಪಾಯಿತು.

ಮಾಲೂರಿನ ಮಗಳು ಅನಸೂಯಮ್ಮನಿಗೆ ಸುದ್ದಿ ಮುಟ್ಟಿ, ಅವಳ ಅಭಿಪ್ರಾಯ ಫೋನಿನ ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳಿಸಿತು. “ಅಮ್ಮನ್ನ ಇಲ್ಲಿಗೆ ಕಳಿಸ್ಬಿಡೋ. ಮಹಡಿ ಮೇಲೆ ರೂಮಿದೆ, ಫ್ಯಾನಿದೆ, ಟಿವಿ ಇದೆ. ಇಲ್ಲೂ ಡಯಾಲಿಸಿಸ್ ಮಾಡ್ತಾರೆ. ಅಮ್ಮ ಒಂದು ಕಡ್ಡಿ ಎತ್ತಿ ಆಕಡೆ ಇಡೋದು ಬೇಡ. ಟೈಮಿಗೆ ಸರಿಯಾಗಿ ತಟ್ಟೆ ರೂಮಿಗೇ ಬರುತ್ತೆ.”

“ಜೈಲಲ್ಲೂ ಟೈಮಿಗೆ ಕೊಡ್ತಾರೆ ಕಣೇ” ಎಂದಳು ಜಗಲಿಯಿಂದ ಅಶ್ವತ್ಥಮ್ಮ.

ಮಗಳು ಕೆಟ್ಟವಳಲ್ಲ. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಹೋಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು.

ಅಶ್ವತ್ಥಮ್ಮ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿಯೊಂದಿತ್ತು. ಡಾಕ್ಟರು ಹೇಳಿದ ಕಾಲು ಸೋಲುವುದು ಆಗಲೇ ಶುರುವಾಗಿತ್ತು. ಬೆಳಿಗ್ಗೆ ಏಳುವಾಗ ತೊಡೆಗಳು ನೆನೆದ ಗೋಣಿಚೀಲದಂತೆ ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ಜೇನುಗೂಡನ್ನು ಕಿವಿಗೆ ಹಿಡಿದ ಮೇಲೆ ಈಗ ಇನ್ನೊಂದು ಪರೀಕ್ಷೆ ಸೇರಿತ್ತು: ಕಂಬ ಹಿಡಿಯದೆ ಎದ್ದು ನಿಲ್ಲುವುದು. ಮೊದಮೊದಲು ಆಗುತ್ತಿತ್ತು, ಆಮೇಲೆ ಆಗದ ದಿನಗಳು ಬಂದವು. ಅಂಥ ದಿನ ಆಕೆ ಕಂಬ ಹಿಡಿದೇ ಎದ್ದು, ಜಗಲಿ ಗುಡಿಸುತ್ತಿರುವವಳಂತೆ ಪೊರಕೆ ಊರಿಕೊಂಡು ಒಲೆಯವರೆಗೆ ಹೋಗುತ್ತಿದ್ದಳು. ಒಳಗಿನಿಂದ ನೋಡುವ ಮುನಿಲಕ್ಷ್ಮಿಗೆ ಅತ್ತೆ ಇತ್ತೀಚೆಗೆ ಬಹಳ ಗುಡಿಸುತ್ತಾರೆ ಅನಿಸುತ್ತಿತ್ತು. ಕಾಲಿನ ವಿಷಯ ಹೇಳಿದರೆ ಒಲೆ ಹೋಗುತ್ತದೆ, ಹೇಳದಿದ್ದರೆ ಎದೆ ನಿಲ್ಲುತ್ತದೆ. ಎರಡರಲ್ಲಿ ಯಾವುದು ಮೊದಲು ಎಂದು ಆಕೆ ಮುದ್ದೆ ತೊಳಸುತ್ತಾ ಲೆಕ್ಕ ಹಾಕುತ್ತಿದ್ದಳು, ಲೆಕ್ಕ ಮುಗಿಯುವ ಮೊದಲು ಮುದ್ದೆ ಆಗಿಬಿಡುತ್ತಿತ್ತು.

ಮುಳಬಾಗಿಲಿನಲ್ಲಿ ಬಸ್ಸಿನಿಂದ ಇಳಿಯುವ ಮೆಟ್ಟಿಲ ಮೇಲೆ ಒಂದು ದಿನ ಕಾಲು ಬರಲೇ ಇಲ್ಲ. ಆಕೆ ಸರಳು ಹಿಡಿದು ಕೆಳಗೆ ನೋಡುತ್ತಾ ನಿಂತಳು.

“ಇಳೀರಿ ಅಜ್ಜಿ, ಟೈಮಾಯ್ತು” ಎಂದ ಕಂಡಕ್ಟರು.

“ಇರಪ್ಪ, ಚಪ್ಪಲಿ ಹುಡುಕ್ತಾ ಇದೀನಿ.”

“ಚಪ್ಪಲಿ ಕಾಲಲ್ಲೇ ಐತಲ್ಲ!”

“ಹೌದಾ? ಇನ್ನೊಂದು?”

“ಅದೂ ಕಾಲಲ್ಲೇ ಐತೆ.”

ಅಷ್ಟು ಹೊತ್ತಿಗೆ ಕಾಲಿಗೆ ಜ್ಞಾನ ಬಂದಿತ್ತು. ಇಳಿದಳು.

ಅವತ್ತಿನ ರಕ್ತದಲ್ಲಿ ಪೊಟ್ಯಾಸಿಯಂ ಇನ್ನೂ ಏರಿತ್ತು. ಎದೆಗೆ ವೈರು ಅಂಟಿಸಿ ತೆಗೆದ ಇಸಿಜಿಯ ಗೆರೆಗಳು ಚೂಪಾಗಿ ಎದ್ದಿದ್ದವು. ಡಾಕ್ಟರು ಏನೇನೋ ಇಂಜೆಕ್ಷನ್ನು ಕೊಡಿಸಿ, ಮಿಷನ್ನನ್ನು ಹೆಚ್ಚು ಹೊತ್ತು ಓಡಿಸಿ, ರಾಮಚಂದ್ರಪ್ಪನನ್ನು ಕರೆಸಿದರು. ಅವನು ಬೈಕಿನಲ್ಲಿ ಬಂದವನು ತಾಯಿಯ ಮುಖ ನೋಡದೆ ಮಿಷನ್ನಿನಲ್ಲಿ ತಿರುಗುವ ರಕ್ತವನ್ನೇ ನೋಡುತ್ತಾ ನಿಂತ.

“ಏನು ತಿಂತೀಯಮ್ಮ ಕದ್ದು? ಹೇಳ್ಬಿಡು. ಬೈಯಲ್ಲ.”

“ನನ್ನ ಮನೇಲಿ ನಾನು ಕದೀಬೇಕೇನ್ಲಾ?” ಎಂದಳು ಅಶ್ವತ್ಥಮ್ಮ. ಆದರೆ ದನಿ ಎಂದಿನ ಹಾಗಿರಲಿಲ್ಲ. ತನಗೆ ತಿಳಿಯದೆ ತಾನೇ ಏನಾದರೂ ತಿನ್ನುತ್ತಿದ್ದೇನೆಯೇ ಎಂಬ ಅನುಮಾನ ಆಕೆಗೂ ಹುಟ್ಟಿತ್ತು. ಈ ವಯಸ್ಸಿನಲ್ಲಿ ಅಂಥದ್ದು ಆಗುವುದುಂಟೆಂದು ಕೇಳಿದ್ದಳು.

ಮನೆಗೆ ಬಂದ ಮೇಲೆ ಒಲೆಯ ಬೂದಿ ತೆಗೆದರು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯೊಂದು ಮುರಿದದ್ದು ಇತ್ತು, ಅದನ್ನು ಒಲೆಯ ಮೇಲೆ ಮುಚ್ಚಿದರು. ಅಶ್ವತ್ಥಮ್ಮ ಜಗಲಿಯಲ್ಲಿ ಕೂತು ಅದನ್ನು ನೋಡುತ್ತಿದ್ದಳು. ಮಾಡಲು ಕೆಲಸವಿಲ್ಲದ್ದರಿಂದ ಪೊರಕೆಯ ಅಗತ್ಯವೂ ತಪ್ಪಿತು.

ಮುನಿಲಕ್ಷ್ಮಿ ಅತ್ತೆಯ ಅಡುಗೆಯನ್ನು ವ್ರತದಂತೆ ಹಿಡಿದಳು. ಸೊಪ್ಪಿಗೆ ಕುಕ್ಕರು ಬಿಟ್ಟಳು. ಡಯಟ್ ಮೇಡಂ ಹೇಳಿದಂತೆ ಪಾತ್ರೆ ತುಂಬ ನೀರಿಟ್ಟು, ದಂಟಿನ ಸೊಪ್ಪನ್ನು ಬೇಯಿಸಿ, ಬಸಿದು, ಮತ್ತೆ ಹಿಂಡಿದಳು. ಅತ್ತೆ ಹೊಸ್ತಿಲಲ್ಲಿ ಕೂತು ನೋಡಿದಳು.

“ಇನ್ನೊಂಚೂರು ಬಗ್ಗಿಸು. ಸತ್ವ ಎಲ್ಲ ಕೊನೇ ನೀರಲ್ಲೇ ಇರೋದು.”

ಮುನಿಲಕ್ಷ್ಮಿ ಬಗ್ಗಿಸಿದಳು. ಊಟಕ್ಕೆ ಕೂತ ಅಶ್ವತ್ಥಮ್ಮ ಮುದ್ದೆಯ ಒಂದು ತುತ್ತು ಸಾರಿನಲ್ಲಿ ಅದ್ದಿ ನುಂಗಿ, “ಇದು ಸಾರು” ಎಂದಳು.

ಈ ಮನೆಗೆ ಬಂದು ಮೂವತ್ತು ವರ್ಷ ಮೀರಿದ ಮೇಲೆ ಮುನಿಲಕ್ಷ್ಮಿಗೆ ಸಿಕ್ಕಿದ ಮೊದಲ ಮೆಚ್ಚುಗೆ ಅದು. ಅವಳು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಆಮೇಲೆ ದಿನವೂ ಅದೇ ಸಾರು ಮಾಡಿದಳು. ಬರೀ ಅರ್ಧ ಸೌಟು ಬಡಿಸಬೇಕಾದ ಕಡೆ ಒಂದು ಸೌಟು ಬಡಿಸಿದಳು.

ಅಶ್ವತ್ಥಮ್ಮನ ಕಾಲು ಇನ್ನಷ್ಟು ಭಾರವಾಯಿತು. ಮುಂದಿನ ರಕ್ತಪರೀಕ್ಷೆಯ ಫಲಿತಾಂಶ ಹಿಂದಿನದನ್ನೂ ಮೀರಿಸಿತ್ತು.

ಈ ಸಲ ಸುದ್ದಿ ಕೇಳಿದ ಅನಸೂಯಮ್ಮ ಫೋನಿನಲ್ಲಿ ಮಾತಾಡಲಿಲ್ಲ. ತಾಯಿಯ ಬಟ್ಟೆ ತುಂಬಿಕೊಳ್ಳಲು ಖಾಲಿ ಬ್ಯಾಗು ಹಿಡಿದು ನೇರವಾಗಿ ಕೇಂದ್ರಕ್ಕೇ ಬಂದಳು. ಅಶ್ವತ್ಥಮ್ಮ ಮಿಷನ್ನಿಗೆ ಕೈ ಕೊಟ್ಟು ಮಲಗಿದ್ದಳು. ಕಾಲ ಬಳಿ ಮುನಿಲಕ್ಷ್ಮಿ ನಿಂತಿದ್ದಳು. ಪಕ್ಕದ ಮಂಚದಲ್ಲಿ ಪೆದ್ದಪ್ಪ ಕಣ್ಣು ಮುಚ್ಚಿಕೊಂಡು ಕಿವಿ ತೆರೆದಿದ್ದ.

“ಈಗ ಒಲೆ ನಿನ್ನ ಕೈಲಿದೆಯಲ್ಲ ಮುನಿಲಕ್ಷ್ಮಿ, ಈಗ ಯಾಕೆ ಏರ್ತು? ಏನು ಹಾಕ್ತಿದೀಯ ನಮ್ಮಮ್ಮಂಗೆ?”

“ಏನು ಹಾಕ್ತೀನಿ ಅತ್ತಿಗೆ? ವಿಷ ಹಾಕ್ತೀನಾ? ಡಯಟ್ ಮೇಡಂ ಹೇಳ್ದಂಗೆ ಮಾಡ್ತಾ ಇದೀನಿ.”

“ಹೇಳ್ದಂಗೆ ಮಾಡಿದ್ರೆ ಏರುತ್ತಾ?”

“ದೇವ್ರಾಣೆ! ಸೊಪ್ಪು ಬೇಯಿಸಿ ಬಸೀತೀನಿ, ಬಸಿದ ಮೇಲೆ ಹಿಂಡ್ತೀನಿ. ಒಂದು ತೊಟ್ಟು ನೀರು ಸೊಪ್ಪಲ್ಲಿ ಉಳಿಯಲ್ಲ, ಒಂದು ತೊಟ್ಟು ಕೆಳಕ್ಕೆ ಹೋಗಲ್ಲ. ಬೇಕಾದ್ರೆ ಅತ್ತೇನೇ ಕೇಳಿ.”

“ಹೋಗಲ್ಲ” ಎಂದಳು ಅಶ್ವತ್ಥಮ್ಮ, ಸಾಕ್ಷಿ ಹೇಳುವವಳಂತೆ.

ಬಾಗಿಲ ಬಳಿ ಕಾಫಿ ಹಿಡಿದು ನಿಂತಿದ್ದ ಡಾಕ್ಟರು ಲೋಟ ಕಿಟಕಿಯ ಮೇಲಿಟ್ಟು ಹತ್ತಿರ ಬಂದರು. “ಕೆಳಕ್ಕೆ ಹೋಗಲ್ವಾ? ಬಸಿದ ನೀರು ಮತ್ತೆ ಎಲ್ಲಿಗೆ ಹೋಗುತ್ತಮ್ಮ?”

ಇಷ್ಟು ಓದಿದವರು ಇಂಥದ್ದನ್ನು ಕೇಳುತ್ತಾರಲ್ಲ ಎಂದು ಮುನಿಲಕ್ಷ್ಮಿ ಅವರನ್ನು ನೋಡಿದಳು. “ಸಾರಿಗೆ ಸಾರ್. ಇನ್ನೆಲ್ಲಿಗೆ? ಖಾರ ರುಬ್ಬಿ ಹಾಕಿ, ಒಗ್ಗರಣೆ ಕೊಟ್ಟು ಬಸ್ಸಾರು ಮಾಡ್ತೀನಿ. ಸೊಪ್ಪು ಪಲ್ಯ ಮಾಡ್ತೀನಿ.”

ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. ಹಿಂದಿನ ದಿನ ಅವರ ಮನೆಯಲ್ಲೂ ಬಸ್ಸಾರು. ಅವರು ಎರಡು ಸಲ ಬಡಿಸಿಕೊಂಡಿದ್ದರು.

“ಅಜ್ಜಿ, ನೀವೂ ಹಾಗೇ ಮಾಡ್ತಿದ್ರಾ?”

“ಇನ್ನು ಹೆಂಗೆ ಮಾಡ್ತಾರೆ?”

“ಸೊಪ್ಪಲ್ಲಿರೋ ಪೊಟ್ಯಾಸಿಯಂ ಎಲ್ಲ ಆ ನೀರಿಗೆ ಇಳಿಯುತ್ತೆ ಅಜ್ಜಿ. ಅದು ಹೋಗಲಿ ಅಂತಾನೇ ಬಸೀರಿ ಅಂದಿದ್ದು. ಬಸಿದು ಚೆಲ್ಲಬೇಕು.”

“ಚೆಲ್ಲೋದಾ?” ಸೂಜಿ ಚುಚ್ಚಿದಾಗಲೂ ಹೊರಡದ ದನಿ ಅಶ್ವತ್ಥಮ್ಮನಿಂದ ಹೊರಟಿತು. “ಚೆಲ್ಲಿ ಅಂತ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಡಯಟ್ ಮೇಡಂ ದೂರದ ಊರಿನವರು, ಬಸಿದ ಮೇಲೆ ನೀರನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ. ಡಾಕ್ಟರು ಹತ್ತಿರದವರು, ಬಸಿಯಿರಿ ಎಂದು ತಾವು ಯಾರಿಗೆ ಹೇಳುತ್ತಿದ್ದೇವೆಂದು ಅವರಿಗೂ ಹೊಳೆದಿರಲಿಲ್ಲ.

ಪಕ್ಕದ ಮಂಚದಲ್ಲಿ ಪೆದ್ದಪ್ಪ ಕಣ್ಣು ಬಿಟ್ಟ. “ಡಾಕ್ಟರ್ ಸಾರೂ, ಮಾ ಇಂಟ್ಲೋ ಕೂಡಾ ಅದೇ. ನಮ್ಮನೇಲೂ ಅದೇ ಸಾರು. ನಾನು ಲೋಟದಲ್ಲಿ ಹಾಕಿಸ್ಕೊಂಡು ಕುಡೀತೀನಿ.”

ಡಾಕ್ಟರು ಎದ್ದು ಒಂದೊಂದೇ ಮಂಚಕ್ಕೆ ಹೋಗಿ ಅದೇ ಪ್ರಶ್ನೆ ಕೇಳಿದರು. ಮುದ್ದೆ ಬಸ್ಸಾರು ಮುಟ್ಟದೆ ಅನ್ನ ತಿನ್ನುವ ಒಬ್ಬ ರಿಟೈರ್ಡ್ ಗುಮಾಸ್ತೆಯ ಹೊರತು ಎಲ್ಲರೂ ತಪ್ಪೊಪ್ಪಿಕೊಂಡರು.

“ಅಂಗಾದ್ರೆ ನನ್ನ ಒಲೆ ತಪ್ಪೇನೂ ಇಲ್ಲ” ಎಂದಳು ಅಶ್ವತ್ಥಮ್ಮ.

“ಒಲೆ ತಪ್ಪಿಲ್ಲ.”

“ಆದ್ರೂ ಅಮ್ಮಂಗೆ ವಯಸ್ಸಾಯ್ತು ಸಾರ್” ಎಂದಳು ಅನಸೂಯಮ್ಮ. “ಬಸ್ಸು, ಬೆಂಕಿ... ನಾನು ಕರ್ಕೊಂಡು ಹೋಗ್ತೀನಿ.” ಬ್ಯಾಗು ಇನ್ನೂ ಕೈಯಲ್ಲೇ ಇತ್ತು.

ಅಶ್ವತ್ಥಮ್ಮ ಮಗಳ ಕಡೆ ಕತ್ತು ಹೊರಳಿಸಿದಳು. “ಒಂದು ವಾರ ತಡಿಯೇ. ನನ್ನ ಒಲೆ ಮೇಲೆ ನಾನೇ ಮಾಡ್ಕೋತೀನಿ. ನೀರು ಚೆಲ್ತೀನಿ. ರಕ್ತ ನೋಡ್ಲಿ. ಇಳೀದಿದ್ರೆ ನಾನೇ ಬ್ಯಾಗು ತಗೊಂಡು ನಿನ್ನ ಹಿಂದೆ ಬರ್ತೀನಿ. ಮಹಡೀನೂ ಹತ್ತುತೀನಿ.”

ಹತ್ತುವ ಮಾತಾಡುವಾಗ ಹೊದಿಕೆಯ ಕೆಳಗೆ ಕಾಲನ್ನು ಒಮ್ಮೆ ಮಡಚಿ ನೋಡಿಕೊಂಡಳು. ಡಾಕ್ಟರು ಒಪ್ಪಿದರು. ವಾರದ ಮಿಷನ್ನಿನ ದಿನಗಳಿಗೆ ಇನ್ನೊಂದು ಸೇರಿಸುವ ಷರತ್ತಿನ ಮೇಲೆ ಒಪ್ಪಿದರು.

ಚಂದ್ರಿಕೆ ಒಲೆಯಿಂದ ಇಳಿಯಿತು. ಅನಸೂಯಮ್ಮ ಖಾಲಿ ಬ್ಯಾಗು ಪಕ್ಕಕ್ಕಿಟ್ಟುಕೊಂಡು ನಡುಮನೆಯಲ್ಲಿ ಬೀಡುಬಿಟ್ಟಳು. ಮೊದಲ ದಿನ ಸೊಪ್ಪು ಬಸಿದಾಗ ಹಸಿರು ನೀರಿನಿಂದ ಘಮ ಎದ್ದು ಜಗಲಿ ತುಂಬಿತು. ಅಶ್ವತ್ಥಮ್ಮ ಪಾತ್ರೆಯನ್ನು ಬಚ್ಚಲ ಬಳಿ ಬಗ್ಗಿಸಿ, ಮುಖ ಆಚೆ ತಿರುಗಿಸಿಕೊಂಡಳು. ಚೆಲ್ಲುವ ಸದ್ದು ಕೇಳಿ ಒಳಗಿದ್ದ ಮುನಿಲಕ್ಷ್ಮಿಯೂ ಒಂದು ಕ್ಷಣ ಕೈ ನಿಲ್ಲಿಸಿದಳು. ಮಧ್ಯಾಹ್ನ ಬೇಳೆ ನಾಲ್ಕು ಹಾಕಿ ಬೆಳ್ಳುಳ್ಳಿ ಜಜ್ಜಿದ ಒಂದು ತೆಳ್ಳನೆ ಪದಾರ್ಥದ ಜೊತೆ ಮುದ್ದೆ ಇಳಿಯಿತು. ಅದಕ್ಕೆ ಆಕೆ ಹೆಸರಿಡಲಿಲ್ಲ.

ಅನಾಹುತ ಆಗುವುದಿದ್ದದ್ದು ವಾರದ ನಡುವೆ. ಅವತ್ತು ಬೆಳಿಗ್ಗೆ ಕಂಬ ಹಿಡಿಯದೆ ಎದ್ದಿದ್ದಳು, ಖುಷಿಯಲ್ಲಿದ್ದಳು. ಸೊಪ್ಪು ಬಸಿದಳು. ಬಾಣಲೆಯಲ್ಲಿ ಸಾಸಿವೆ ಸಿಡಿಯಿತು. ಮುನಿಲಕ್ಷ್ಮಿ ಕರಿಬೇವು ಕೊಡಲು ಜಗಲಿಗೆ ಬಂದಾಗ, ಅತ್ತೆ ಬಸಿದ ನೀರಿನ ಪಾತ್ರೆಯನ್ನು ಬಲಗೈಯಲ್ಲಿ ಹಿಡಿದು ಒಗ್ಗರಣೆಯ ಮೇಲೆ ಬಗ್ಗಿಸುತ್ತಿದ್ದಳು.

“ಅತ್ತೆ!”

ಕೈ ನಿಂತಿತು. ಅಶ್ವತ್ಥಮ್ಮ ಪಾತ್ರೆಯನ್ನು ನೋಡಿದಳು, ಆಮೇಲೆ ಕೈಯನ್ನು, ಬೇರೆ ಯಾರದೋ ಕೈ ತನ್ನ ಮೈಗೆ ಬಂದು ಕೂತಂತೆ.

“ನಾನು ಹಾಕ್ಬೇಕು ಅಂತ ಹಾಕ್ಲಿಲ್ಲ ಕಣೇ ಅಮ್ಮಣ್ಣಿ.”

“ಗೊತ್ತು ಅತ್ತೆ.”

“ಅದೇ ಹೋಯ್ತು. ಸಾಸಿವೆ ಸಿಡೀತು, ಕೈ ಹೋಯ್ತು.”

ಒಳಗೆ ಟಿವಿಯ ಸದ್ದು ಕಡಿಮೆಯಾಯಿತು. “ಏನೇ ಅದು?” ಎಂದು ಅನಸೂಯಮ್ಮ ಕೂಗಿದಳು.

ಮುನಿಲಕ್ಷ್ಮಿ ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿ ಅವಳು ಎಂದೂ ಕಾಣದ ಭಯವಿತ್ತು. “ಏನಿಲ್ಲ ಅತ್ತಿಗೆ, ಬೆಕ್ಕು ಬಂದಿತ್ತು” ಎಂದು ಕೂಗಿ ಹೇಳಿ, ಪಾತ್ರೆಯನ್ನು ಆ ಕೈಯಿಂದ ಬಿಡಿಸಿಕೊಂಡು ಹಿತ್ತಲಿಗೆ ಹೋದಳು. ಬಚ್ಚಲಿಗೆ ಚೆಲ್ಲಲು ಅವಳಿಗೂ ಮನಸ್ಸು ಬರಲಿಲ್ಲ. ಹಸುವಿನ ಕಲಗಚ್ಚಿನ ಬಾನಿಗೆ ಸುರಿದಳು.

ವಾಪಸು ಬಂದಾಗ ಅಶ್ವತ್ಥಮ್ಮ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಒಗ್ಗರಣೆ ಸೀದಿತ್ತು.

“ನಾಳೆಯಿಂದ ಬಸಿಯೋ ಹೊತ್ತಿಗೆ ಬಾ” ಎಂದಳು. “ನೀರು ತಗೊಂಡು ಹೋಗು. ಮಿಕ್ಕಿದ್ದು ನಾನು ಮಾಡ್ಕೋತೀನಿ.”

“ಕರೀರಿ. ಬರ್ತೀನಿ.”

“ಅವಳ ಮುಂದೆ ಕರೆಯಲ್ಲ. ಕೆಮ್ಮುತೀನಿ.”

ಆಮೇಲೆ ಆ ಮನೆಯಲ್ಲಿ ದಿನಾ ಅಡುಗೆ ಹೊತ್ತಿಗೆ ಅಶ್ವತ್ಥಮ್ಮನಿಗೆ ಕೆಮ್ಮು ಬರುತ್ತಿತ್ತು. ಪರೀಕ್ಷೆಗೆ ರಕ್ತ ಕೊಟ್ಟ ದಿನ ಸಂಜೆಯವರೆಗೆ ಡಾಕ್ಟರ ಫೋನು ಬರಲಿಲ್ಲ. ರಾಮಚಂದ್ರಪ್ಪ ಹುಳುಮನೆಗೂ ನಡುಮನೆಗೂ ಓಡಾಡಿದ, ಅನಸೂಯಮ್ಮ ತಾಯಿಯ ಸೀರೆಗಳನ್ನು ಮಡಚಿ ಬ್ಯಾಗಿನ ಪಕ್ಕ ಇಟ್ಟಳು, ಅಶ್ವತ್ಥಮ್ಮ ಜೇನುಗೂಡನ್ನು ಮತ್ತೆ ಮತ್ತೆ ಕಿವಿಗೆ ಹಿಡಿದಳು. ಫೋನು ಬಂತು.

ಪೊಟ್ಯಾಸಿಯಂ ಇಳಿದಿತ್ತು. ಅನಸೂಯಮ್ಮ ಖಾಲಿ ಬ್ಯಾಗು ತೆಗೆದುಕೊಂಡು ಮಾಲೂರಿಗೆ ಹೋದಳು. ಮುದ್ದೆ ಹಿತ್ತಲ ಜಗಲಿಯ ಒಲೆಯ ಮೇಲೆ ಬೇಯುತ್ತದೆ. ಬಸಿದ ನೀರನ್ನು ಮುನಿಲಕ್ಷ್ಮಿ ಹಸುವಿಗೆ ಹಾಕುತ್ತಾಳೆ.